ಸಭೆಯ ಮುಖಂಡತ್ವವೂ ಹತ್ತು ಮಂದಿಯ ಕೂಟವೂ

ಪಾಠಶಾಲೆಯ ಸ್ಮರಣಸಂಚಿಕೆಯಲ್ಲಿ ಕಟ್ಟಡಗಳ ವಿಷಯವನ್ನೂ ಪರೀಕ್ಷೆಗಳ ಫಲವನ್ನೂ ಉದ್ಯೋಗಗಳಲ್ಲಿ ಏಳಿಗೆಹೊಂದಿದ ಪೂರ್ವವಿದ್ಯಾರ್ಥಿನಿಯರ ಹೆಸರುಗಳನ್ನೂ ಬರೆಯುವುದು ವಾಡಿಕೆಯಾಗಿರುತ್ತದೆ. ಅದು ತಕ್ಕದ್ದೇ ಸರಿ. ಆದರೆ ಇಂಥ ಶಾಲೆಗಳನ್ನು ಸ್ಥಾಪಿಸಿದವರ ಮನಸ್ಸಿನಲ್ಲಿ ಇವುಗಳೊಂದಿಗೆ ಮತ್ತೊಂದು ಉದ್ದೇಶವೂ ಇದ್ದಿತೆಂಬುದನ್ನು ವಾಚಕರು ಮರೆತಿರಲಾರರು. ಇಲ್ಲಿ ಕಲಿತು ಹೊರಡುವ ಹೆಣ್ಣುಮಕ್ಕಳು ತಮ್ಮ ತಮ್ಮ ಊರಿನ ಸಭೆಗಳಿಗೆ ಬಲವಾಗಬೇಕೆಂಬುದೇ ಆ ಉದ್ದೇಶವು. ಅದು ಎಷ್ಟರ ಮಟ್ಟಿಗೆ ನೆರವೇರಿತು? ನೆರವೇರದೆ ಉಳಿದಿದ್ದರೆ ತಡೆ ಎಲ್ಲಿದೆ? ಈ ಪ್ರಶ್ನೆಗಳನ್ನು ಕುರಿತು ನಮ್ಮ ಅಭಿಪ್ರಾಯವನ್ನು ಸಂಕೋಚವಿಲ್ಲದೆ ತಿಳಿಸಬೇಕೆಂದಿರುತ್ತೇವೆ.

ನಮ್ಮ ಅಭಿಪ್ರಾಯವು ಇಷ್ಟೇ. ಹತ್ತು ಮಂದಿಯನ್ನು ಹೆಸರುಹಿಡಿದು ಬಲ್ಲವರು, ಅವರ ಮನೆಯ ಸುಖದುಃಖಗಳಲ್ಲಿ ಪಾಲುಗೊಂಡವರು, ಅವರನ್ನು ದೇವರ ಮಾರ್ಗದಲ್ಲಿ ಸಹನೆಯಿಂದ ನಡಿಸಿದವರು, ಇಂಥವರಿಗೇ ಸಭೆಯ ದೊಡ್ಡ ಕೆಲಸಗಳನ್ನು ಒಪ್ಪಿಸತಕ್ಕದ್ದು. ಮನೆತನ, ಹಣ, ವಾಕ್ಚಾತುರ್ಯ, ಪಕ್ಷದ ಬಲ ಇವು ಯಾವುವೂ ಆ ಯೋಗ್ಯತೆಗೆ ಬದಲಾಗಲಾರವು.

ಈ ಮಾತನ್ನು ನಾವು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ಬೋರ್ಡಿಂಗಿನಲ್ಲಿ. ನಾವು ಅಲ್ಲಿದ್ದ ಕಾಲದಲ್ಲಿ ದೊಡ್ಡ ತರಗತಿಯ ಒಬ್ಬೊಬ್ಬ ಹುಡುಗಿಗೆ ಹತ್ತು ಹತ್ತು ಮಂದಿ ಚಿಕ್ಕವರನ್ನು ಒಪ್ಪಿಸುವ ಪದ್ಧತಿಯಿದ್ದಿತು. ಸಾಯಂಕಾಲ ಊಟದ ಗಂಟೆಗೆ ಮುಂಚೆ ಆ ಚಿಕ್ಕ ಗುಂಪು ಕುಳಿತು ಸತ್ಯವೇದವನ್ನೋದಿ ಪ್ರಾರ್ಥಿಸುವುದು. ಶನಿವಾರ ಮುಖಂಡಳು ಮೇಟ್ರನ್ ಅಮ್ಮನವರಿಗೆ ವರದಿ ಹೇಳುವುದು. ಒಂದು ಶನಿವಾರ ನಮ್ಮಲ್ಲೊಬ್ಬಳು, “ಹತ್ತು ಮಂದಿಯೂ ಹಾಜರಿದ್ದರು, ಅಮ್ಮಾ, ಎಲ್ಲರೂ ವಚನಗಳನ್ನು ತಪ್ಪಿಲ್ಲದೆ ಒಪ್ಪಿಸಿದರು” ಎಂದು ಹೆಮ್ಮೆಯಿಂದ ಹೇಳಿದಳು. ಅಮ್ಮನವರು, “ಸಂತೋಷ. ಮೂರು ದಿವಸದಿಂದ ತಟ್ಟೆಯಲ್ಲಿ ಅನ್ನ ಬಿಡುತ್ತಿರುವವಳು ಅವರಲ್ಲಿ ಯಾರು?” ಎಂದು ಕೇಳಿದರು. ಹುಡುಗಿಗೆ ಉತ್ತರ ತಿಳಿಯಲಿಲ್ಲ. “ಹೆಸರು ಕರೆಯುವುದಕ್ಕೆ ಯಾರಾದರೂ ಸಾಕು, ಮಗು, ನಿನ್ನನ್ನಿಟ್ಟದ್ದು ಮುಖ ನೋಡುವುದಕ್ಕೆ” ಎಂದರು. ಊರಿನಲ್ಲಿ ತಾಯಿಗೆ ಕಾಯಿಲೆಯೆಂದು ಕೇಳಿ ಒಂದು ಮಗುವು ಕಾಗದದ ದಾರಿಯನ್ನೇ ನೋಡುತ್ತ ಕೊರಗುತ್ತಿದ್ದಿತು. ಅದು ಗೊತ್ತಾದ ಮೇಲೆ ಆ ಮುಖಂಡಳು ಪ್ರತಿದಿನ ಅದರ ಪಕ್ಕದಲ್ಲಿ ಕುಳಿತು ಉಂಡಳು; ಅದರ ಕೈಹಿಡಿದು ಮನೆಗೆ ಕಾಗದ ಬರೆಯಿಸಿದಳು. ಆ ಬಳಿಕ ನಾವು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಆದರೆ ಸಭೆಯ ಮುಖಂಡತ್ವವೆಂದರೇನೆಂಬುದಕ್ಕೆ ಆ ಒಂದು ಮಾತಿಗಿಂತ ಸ್ಪಷ್ಟವಾದ ವ್ಯಾಖ್ಯಾನವನ್ನು ಕಂಡಿಲ್ಲ.

ಸತ್ಯವೇದವೂ ಇದನ್ನೇ ಬೋಧಿಸುವುದು. ಮೋಶೆಯು ಬೆಳಗಿನಿಂದ ಸಾಯಂಕಾಲದ ವರೆಗೆ ಒಬ್ಬನೇ ಕುಳಿತು ಜನರ ನ್ಯಾಯ ತೀರಿಸುತ್ತಿದ್ದುದನ್ನು ಅವನ ಮಾವನಾದ ಇತ್ರೋನನು ಕಂಡು, ಹೀಗಾದರೆ ನೀನೂ ಬಳಲುವಿ, ಜನರೂ ಬಳಲುವರೆಂದು ಎಚ್ಚರಿಸಿದನು. ಸಾವಿರ, ನೂರು, ಐವತ್ತು, ಕಡೆಗೆ ಹತ್ತು ಹತ್ತು ಮಂದಿಯ ಮೇಲೆ ಮುಖ್ಯಸ್ಥರನ್ನು ನೇಮಿಸಬೇಕೆಂದೂ ಅವರು ದೇವಭಕ್ತರೂ ನಂಬಿಗಸ್ತರೂ ಲಂಚವನ್ನು ಹಗೆಮಾಡುವವರೂ ಆಗಿರಬೇಕೆಂದೂ ಅವನು ಕೊಟ್ಟ ಆಲೋಚನೆಯು ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ನಮ್ಮ ಕರ್ತನ ಹಿಂದೆ ಜನರು ಗುಂಪುಗುಂಪಾಗಿ ಬಂದರು. ಆದರೂ ಆತನು ತನ್ನ ಕಾಲವನ್ನು ವಿಶೇಷವಾಗಿ ವ್ಯಯಮಾಡಿದ್ದು ಹನ್ನೆರಡು ಮಂದಿಯ ಮೇಲೆ. ಅವರಲ್ಲಿ ಯಾರು ದೊಡ್ಡವರೆಂಬ ವಾಗ್ವಾದ ಹುಟ್ಟಿದಾಗ, ಆಳುವುದು ಲೋಕದ ಅಧಿಪತಿಗಳ ರೀತಿಯೆಂದೂ ಸೇವಿಸುವುದು ತನ್ನವರ ರೀತಿಯೆಂದೂ ತಿಳಿಸಿದನು. ತಾನೇ ನಡುಕಟ್ಟಿಕೊಂಡು ಅವರ ಕಾಲು ತೊಳೆದನು. ಇದಕ್ಕಿಂತ ಮೇಲಾದ ಮಾದರಿಯನ್ನು ಯಾವ ಸಭೆಯೂ ಹುಡುಕಬೇಕಾಗಿಲ್ಲ.

ಚರಿತ್ರೆಯನ್ನು ನೋಡಿದರೂ ಸಭೆಯು ಮಂಕಾದಾಗಲೆಲ್ಲ ಚಿಕ್ಕ ಕೂಟಗಳಿಂದಲೇ ಎಚ್ಚರಗೊಂಡದ್ದು ಕಾಣುವುದು. ಜರ್ಮನಿ ದೇಶದ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ ಸ್ಪೇನರ್ ಎಂಬ ಬೋಧಕರು 1670ರಲ್ಲಿ ತಮ್ಮ ಮನೆಯಲ್ಲಿ ಇಂಥ ಕೂಟವನ್ನಾರಂಭಿಸಿದರು. ಆ ರೀತಿಯ ಮನೆಕೂಟಗಳು ವುರ್ಟೆಂಬರ್ಗ್ ಪ್ರಾಂತದಲ್ಲಿ ಬೇರೂರಿದವು. 1743ರಲ್ಲಿ ಅಲ್ಲಿಯ ಅಧಿಕಾರಿಗಳು ಅವುಗಳಿಗೆ ನಿಯಮಗಳೊಂದಿಗೆ ಅನುಮತಿ ಕೊಟ್ಟರು. 1834ರಲ್ಲಿ ಮಂಗಳೂರಿನಲ್ಲಿ ಕೆಲಸವನ್ನಾರಂಭಿಸಿದ ಬಾಸೆಲ್ ಮಿಶನಿನ ಬೋಧಕರಲ್ಲಿ ಅನೇಕರು ಆ ಪ್ರಾಂತದಿಂದಲೇ ಬಂದವರು. ಕನ್ನಡ ನಾಡಿನ ಸಭೆಗಳಿಗೆ ಈ ಪದ್ಧತಿಯು ಹೊಸದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇಂಗ್ಲೆಂಡಿನ ವೃತ್ತಾಂತವು ಇನ್ನೂ ಮನೋಹರವಾಗಿದೆ. 1742ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಜಾನ್ ವೆಸ್ಲಿಯವರ ಸಂಗಡಿಗರು ತಮ್ಮ ಕೂಟದ ಕಟ್ಟಡಕ್ಕಾಗಿದ್ದ ಸಾಲವನ್ನು ತೀರಿಸುವ ಉಪಾಯವನ್ನು ಆಲೋಚಿಸುತ್ತಿದ್ದರು. ಪ್ರತಿಯೊಬ್ಬನು ವಾರಕ್ಕೊಂದು ಪೆನ್ನಿಯನ್ನು ಕೊಡಲೆಂದು ಒಬ್ಬನು ಸೂಚಿಸಿದನು. ಬಡವರಿಗೆ ಅದೂ ಸಾಧ್ಯವಿಲ್ಲವೆಂಬ ಮಾತು ಬಂದಾಗ ಅವನು, ಅತಿ ಬಡವರಾದ ಹನ್ನೊಂದು ಮಂದಿಯನ್ನು ನನಗೇ ಒಪ್ಪಿಸಿರಿ, ಪ್ರತಿವಾರ ಅವರ ಮನೆಗೆ ಹೋಗುವೆನು, ಕೊಡಲಾರದವರ ಪಾಲನ್ನು ನಾನೇ ಹಾಕುವೆನು ಎಂಬರ್ಥದಲ್ಲಿ ಹೇಳಿದನು. ಉಳಿದ ಹಿರಿಯರೂ ಹಾಗೆಯೇ ಮಾಡಲು ಒಪ್ಪಿದರು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಹಣಕ್ಕಿಂತ ಮುಖ್ಯವಾದ ಸಂಗತಿಗಳು ಕಂಡವು: ಇಲ್ಲಿ ಕುಡಿತ, ಅಲ್ಲಿ ಜಗಳ, ಮತ್ತೊಂದು ಕಡೆ ಯಾರಿಗೂ ಹೇಳದ ಸಂಕಟ. ತಾವು ಬಹುಕಾಲದಿಂದ ಹುಡುಕುತ್ತಿದ್ದ ಮಾರ್ಗವು ಇದೇ ಎಂದು ವೆಸ್ಲಿಯವರು ಕಂಡುಕೊಂಡರು. ಮೆಥೊಡಿಸ್ಟರ ‘ಕ್ಲಾಸು’ ಎಂಬ ವಾರದ ಕೂಟವು ಹೀಗೆ ಹುಟ್ಟಿತು. ಕಾಣಿಕೆಯ ಪಟ್ಟಿಯನ್ನು ಹಿಡಿದು ಹೊರಟದ್ದು ಆತ್ಮಪಾಲನೆಯಲ್ಲಿ ಮುಗಿಯಿತು. ಈಗಿನ ಕೆಲವು ಸಭೆಗಳಲ್ಲಿ ಇದಕ್ಕೆ ವಿರೋಧವಾಗಿ ಆತ್ಮಪಾಲನೆಗೆಂದು ಹೊರಟದ್ದು ಕಾಣಿಕೆಯ ಪಟ್ಟಿಯಲ್ಲಿಯೇ ಮುಗಿಯುವುದನ್ನು ನೋಡಿ ನಾವು ವ್ಯಸನಪಡುತ್ತೇವೆ.

ಹಾಗಾದರೆ ಇಂಥ ಕೂಟದಲ್ಲಿ ಬೆಳೆದ ಮುಖಂಡರಲ್ಲಿ ಯಾವ ಗುಣಗಳನ್ನು ನೋಡತಕ್ಕದ್ದು? ನಾಲ್ಕನ್ನು ಹೇಳುತ್ತೇವೆ.

ಒಂದನೆಯದು, ದೂರುವವರ ಮಾತಿಗೆ ಕಿವಿಗೊಡುವ ಗುಣ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಉಪಚಾರದಲ್ಲಿ ತಮ್ಮ ವಿಧವೆಯರನ್ನು ಅಲಕ್ಷ್ಯಮಾಡುತ್ತಾರೆಂದು ಗ್ರೀಕ್ ಮಾತಾಡುವವರು ಗುಣುಗುಟ್ಟಿದಾಗ ಅಪೊಸ್ತಲರು ಅವರ ಬಾಯಿ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರೆಂದರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬುದನ್ನು ವಾಚಕರು ಗಮನಿಸಲಿ. ಯಾರ ಮನೆಯಲ್ಲಿ ಕೊರತೆಯಿದ್ದಿತೋ ಅವರ ಕಡೆಯವರ ಕೈಗೇ ಬಡಿಸುವ ಸೌಟನ್ನು ಕೊಟ್ಟ ಹಾಗಾಯಿತು. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರಿಗೆ ಈ ಧೈರ್ಯದಿಂದ ಕೆಲಸವನ್ನೊಪ್ಪಿಸುವ ಸಭೆಗಳು ನಮ್ಮಲ್ಲಿ ಎಷ್ಟಿವೆ? ಜಾತಿಯ ನೆನಪನ್ನೂ ಊರಿನ ಅಭಿಮಾನವನ್ನೂ ದೇವಾಲಯದ ಹೊಸ್ತಿಲಿನೊಳಗೆ ತರುವವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಎರಡನೆಯದು, ಲೆಕ್ಕದಲ್ಲಿ ನಿರ್ಮಲತೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲನಂಥವನೂ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳು ನೇಮಿಸಿದವರನ್ನು ಜೊತೆಗೆ ಕರೆದುಕೊಂಡನು. ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ನಿರ್ದೋಷಿಯಾಗಿ ತೋರಬೇಕೆಂಬುದು ಅವನ ಎಣಿಕೆ. ಕಾಣಿಕೆಯನ್ನು ಇಬ್ಬರು ಕೂತು ಎಣಿಸಲಿ, ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಲಿ. ಲೆಕ್ಕ ಕೇಳಿದವರನ್ನು ಶತ್ರುಗಳೆಂದು ಎಣಿಸುವ ಮುಖಂಡನಿಗೆ ಹತ್ತು ಮಂದಿಯ ಕೂಟವೂ ಹೆಚ್ಚೇ. ಹಿರಿಯರು ಆಸ್ತಿಗಾಗಿ ನ್ಯಾಯಾಸ್ಥಾನದ ಮೆಟ್ಟಿಲು ಹತ್ತುವುದನ್ನು ಕಂಡ ಮಕ್ಕಳಿಗೆ ಭಾನುವಾರದ ಶಾಲೆಯಲ್ಲಿ ಯಾವ ವಚನವನ್ನು ಕಲಿಸೋಣ?

ಮೂರನೆಯದು, ಗುಟ್ಟನ್ನು ಕಾಪಾಡುವ ಗುಣ, ಮತ್ತು ಅದರ ಎಲ್ಲೆಯನ್ನರಿಯುವ ವಿವೇಕ. ಕೂಟದಲ್ಲಿ ಕಣ್ಣೀರಿನಿಂದ ಹೇಳಿದ ಮಾತು ಮರುದಿವಸ ನೀರಿನ ನಲ್ಲಿಯ ಬಳಿ ಕೇಳಿಬಂದರೆ ಆ ಕೂಟವು ಸತ್ತಂತೆಯೇ. ಆದರೆ ಅಪರಾಧವನ್ನು ಮುಚ್ಚುವುದು ಗುಟ್ಟನ್ನು ಕಾಪಾಡುವುದಲ್ಲ. ಮಗುವಿಗೆ ಕೇಡಾಗುತ್ತಿದೆಯೆಂದು ತಿಳಿದ ಮೇಲೆ ಸಭೆಯ ಮಾನದ ಹೆಸರಿನಲ್ಲಿ ಸುಮ್ಮನಿರುವುದು ಪಾಪ. 2012ರ ಪೋಕ್ಸೋ ಕಾಯಿದೆಯ ಪ್ರಕಾರ, ಮಕ್ಕಳ ಮೇಲಣ ಲೈಂಗಿಕ ಅಪರಾಧವನ್ನು ಬಲ್ಲವರು ಪೊಲೀಸರಿಗೆ ತಿಳಿಸುವುದು ಕಡ್ಡಾಯವೂ ಆಗಿದೆ. ಪ್ರಾರ್ಥನೆಯು ಇಂಥ ಕರ್ತವ್ಯಕ್ಕೆ ಬಲಕೊಡಬೇಕೇ ಹೊರತು ಅದರಿಂದ ತಪ್ಪಿಸಿಕೊಳ್ಳುವ ನೆಪವಾಗಬಾರದು.

ನಾಲ್ಕನೆಯದು, ಮತ್ತೊಬ್ಬರನ್ನು ಸಿದ್ಧಮಾಡಿ ತಾನು ಪಕ್ಕಕ್ಕೆ ಸರಿಯುವ ಗುಣ. ಬಾರ್ನಬನು ತಾನೇ ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಅಂತಿಯೋಕ್ಯಕ್ಕೆ ಕರೆತಂದನು. ಅಪೊಸ್ತಲರ ಕೃತ್ಯಗಳಲ್ಲಿ ಮೊದಲು ಬಾರ್ನಬ ಸೌಲರೆಂದಿದ್ದ ಹೆಸರುಗಳು ಮುಂದೆ ಹೆಚ್ಚಾಗಿ ಪೌಲ ಬಾರ್ನಬರೆಂದು ಸ್ಥಳ ಬದಲಾಯಿಸುತ್ತವೆ. ಅದಕ್ಕಾಗಿ ಬಾರ್ನಬನು ಒಂದು ಮಾತನ್ನಾದರೂ ಆಡಿದಂತೆ ಕಾಣುವುದಿಲ್ಲ. ವರ್ಷಾನುವರ್ಷ ಅದೇ ಕುರ್ಚಿಯಲ್ಲಿ ಕುಳಿತು, ನಮ್ಮ ಬಳಿಕ ಯಾರೂ ಇಲ್ಲವೆಂದು ನಿಟ್ಟುಸಿರು ಬಿಡುವ ಹಿರಿಯರು ತಾವು ಯಾರನ್ನು ಕಲಿಸಿದೆವೆಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಇಲ್ಲಿ ಒಂದು ಆಕ್ಷೇಪಣೆ ಬರುವುದುಂಟು. ಚಿಕ್ಕ ಕೂಟಗಳು ಕ್ರಮೇಣ ಪಕ್ಷಗಳಾಗುವುವು, ಚಾಡಿಗೆ ಎಡೆಯಾಗುವುವು, ಸಭೆಯನ್ನು ಒಡೆಯುವುವು ಎಂದು ಕೆಲವರು ಹೇಳುತ್ತಾರೆ. ಈ ಭಯವು ನಿರಾಧಾರವಲ್ಲ. ಒಬ್ಬರ ಮಾತೇ ವೇದವಾಗುವ ಕೂಟವನ್ನೂ, ಸದಸ್ಯರ ಮದುವೆ ಉದ್ಯೋಗಗಳನ್ನು ಮುಖಂಡನೇ ನಿರ್ಣಯಿಸುವ ಕೂಟವನ್ನೂ ನಾವು ಕೇಳಿಬಲ್ಲೆವು. ಆದರೆ ರೋಗದ ಭಯದಿಂದ ಅನ್ನವನ್ನೇ ಬಿಡುವರೇ? ಕೂಟದ ಬಾಗಿಲು ತೆರೆದಿರಲಿ. ಸಭಾಪಾಲಕರು ಆಗಾಗ್ಗೆ ಬಂದು ಕುಳಿತುಕೊಳ್ಳಲಿ. ಮುಖಂಡರು ಕ್ಲಿಪ್ತ ಕಾಲಕ್ಕೆ ಬದಲಾಗಲಿ. ಸದಸ್ಯರು ಹಿಂಜರಿಕೆಯಿಲ್ಲದೆ ಪ್ರಶ್ನೆ ಕೇಳಲಿ. ಹಾಗಿದ್ದರೆ ಕೂಟವು ಸಭೆಗೆ ಬೇರಾಗುವುದೇ ಹೊರತು ಬಿರುಕಾಗುವುದಿಲ್ಲ. ಕೈಯಲ್ಲಿಯ ಫೋನಿನ ಗುಂಪಿಗೆ ಬೆಳಿಗ್ಗೆ ಒಂದು ವಚನವನ್ನು ಕಳುಹಿಸಿದರೆ ಇದೆಲ್ಲ ಆಯಿತೆಂದು ಕೆಲವರೆಣಿಸುತ್ತಾರೆ. ವಚನ ಕಳುಹಿಸುವುದು ಒಳ್ಳೆಯದೇ. ಆದರೆ ತಟ್ಟೆಯಲ್ಲಿ ಬಿಟ್ಟ ಅನ್ನವು ಫೋನಿನಲ್ಲಿ ಕಾಣಲಾರದು.

ಈಗ ಸ್ತ್ರೀಯರ ವಿಷಯ. 1712ರ ಸುಮಾರಿಗೆ ಎಪ್‌ವರ್ತ್ ಗ್ರಾಮದಲ್ಲಿ ಬೋಧಕನಾದ ಗಂಡನು ಊರಲ್ಲಿಲ್ಲದಾಗ ಸುಸನ್ನಾ ವೆಸ್ಲಿಯಮ್ಮನವರು ತಮ್ಮ ಮಕ್ಕಳಿಗೂ ಆಳುಗಳಿಗೂ ಸಾಯಂಕಾಲ ಪ್ರಸಂಗಗಳನ್ನೋದಿ ಹೇಳುತ್ತಿದ್ದರು. ನೆರೆಯವರು ಒಬ್ಬೊಬ್ಬರಾಗಿ ಬಂದು ಇನ್ನೂರಕ್ಕಿಂತ ಹೆಚ್ಚು ಮಂದಿ ಕೂಡಿದರು. ಆ ಮನೆಯ ಮಗನೇ ಜಾನ್ ವೆಸ್ಲಿ. ಅವರ ಕಾಲದಲ್ಲಿ ಕ್ಲಾಸುಗಳಿಗೆ ಸ್ತ್ರೀಯರೂ ಮುಖಂಡರಾದದ್ದರಲ್ಲಿ ಆಶ್ಚರ್ಯವೇನು? ಪೂರ್ವದಲ್ಲಿ ಪ್ರಿಸ್ಕಿಲ್ಲಳು ಗಂಡನೊಂದಿಗೆ ಅಪೊಲ್ಲೋಸನಂಥ ವಿದ್ವಾಂಸನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ವಿವರಿಸಲಿಲ್ಲವೇ? ನಮ್ಮ ನಾಡಿನ ಬೈಬಲ್ ಸ್ತ್ರೀಯರು ಬಿಸಿಲುಮಳೆಯೆನ್ನದೆ ನಡೆದು, ಜಗಲಿಗಳಲ್ಲಿ ಕುಳಿತು, ಅಕ್ಷರವನ್ನೂ ಸುವಾರ್ತೆಯನ್ನೂ ಒಟ್ಟಿಗೆ ಕಲಿಸಿದರು. ಅವರಲ್ಲಿ ಬಹುಮಂದಿಯ ಹೆಸರು ದೇವಾಲಯದ ಯಾವ ಕಲ್ಲಿನ ಮೇಲೆಯೂ ಇಲ್ಲ.

1947ನೆಯ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾಯಿತು. 2013ರಲ್ಲಿ ಆ ಸಭೆಯಲ್ಲಿ ಮೊತ್ತಮೊದಲ ಮಹಿಳಾ ಬಿಷಪ್ಪರಾಗಿ ಪುಷ್ಪಲಲಿತಾ ಅವರು ನಂದ್ಯಾಲ ಸಭಾಪ್ರಾಂತಕ್ಕೆ ಅಭಿಷಿಕ್ತರಾದರು. ಬಾಗಿಲು ತೆರೆಯಿತು, ನಿಜ. ಆದರೂ ಅನೇಕ ಊರುಗಳಲ್ಲಿ ಕಾಯಿಲೆಯವರ ಮನೆಗೆ ಹೋಗುವವರು ಹೆಂಗಸರು, ಮಕ್ಕಳಿಗೆ ಕಲಿಸುವವರು ಹೆಂಗಸರು, ಹಬ್ಬದ ಅಡಿಗೆ ಮಾಡುವವರು ಹೆಂಗಸರು. ಕಮಿಟಿಯ ಮೇಜಿನ ಸುತ್ತ ಕುಳಿತವರನ್ನು ನೋಡಿದರೆ ಇವರ ಸಂಖ್ಯೆಯು ಬಹಳ ಕಡಿಮೆ. ಹತ್ತು ಮಂದಿಯನ್ನು ಬಲ್ಲವರು ಹೊರಗೆ, ಬಲ್ಲದವರು ಒಳಗೆ! ಇದರಿಂದ ನಷ್ಟವಾಗುವುದು ಸ್ತ್ರೀಯರಿಗಿಂತ ಹೆಚ್ಚಾಗಿ ಸಭೆಗೇ.

ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ: ನಿಮ್ಮ ಹೆಣ್ಣುಮಗಳು ನೆರೆಯ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಕಲಿಸಬೇಕೆಂದರೆ, ಓದಿಗೆ ತೊಂದರೆಯೆಂದು ತಡೆಯಬೇಡಿರಿ. ಪರೀಕ್ಷೆಯಲ್ಲಿ ಕಲಿಯಲಾರದ ಪಾಠವನ್ನು ಅವಳು ಅಲ್ಲಿ ಕಲಿಯುವಳು. ಪೂರ್ವವಿದ್ಯಾರ್ಥಿನಿಯರಾದ ಪ್ರಿಯ ಸಹೋದರಿಯರೇ, ಬೋರ್ಡಿಂಗಿನಲ್ಲಿ ನಿಮಗೆ ಒಪ್ಪಿಸಿದ್ದ ಹತ್ತು ಮಂದಿಯನ್ನು ನೆನಪುಮಾಡಿಕೊಳ್ಳಿರಿ. ಈಗ ನಿಮ್ಮ ಬೀದಿಯಲ್ಲಿ ಆ ಹತ್ತು ಮಂದಿ ಯಾರು? ಹೆರಿಗೆಗೆ ತವರಿಲ್ಲದವಳೋ, ಗಂಡನನ್ನು ಕಳೆದುಕೊಂಡವಳೋ, ಹೊಸದಾಗಿ ಊರಿಗೆ ಬಂದು ಯಾರ ಪರಿಚಯವೂ ಇಲ್ಲದವಳೋ? ವಾರಕ್ಕೊಂದು ಗಂಟೆ ಅವರೊಂದಿಗೆ ಕುಳಿತುಕೊಳ್ಳಿರಿ. ಸಭೆಯು ನಿಮ್ಮನ್ನು ಹಿರಿಯರ ಸಾಲಿಗೆ ಕರೆದರೆ, ಹೆಂಗಸರಾದ ನಮಗೇಕೆಂದು ಹಿಂಜರಿಯಬೇಡಿರಿ. ಕರೆಯದಿದ್ದರೆ, ಏಕೆ ಕರೆಯಲಿಲ್ಲವೆಂದು ವಿನಯದಿಂದಲೂ ಧೈರ್ಯದಿಂದಲೂ ಕೇಳಿರಿ. ಹೇಗಿದ್ದರೂ ಆ ಹತ್ತು ಮಂದಿಯನ್ನು ಮಾತ್ರ ಕೈಬಿಡಬೇಡಿರಿ.

ಕಡೆಗೆ ನಮ್ಮೆಲ್ಲರ ವರದಿಯನ್ನೂ ಕೇಳುವ ಒಂದು ಶನಿವಾರವಿದೆಯೆಂದು ನಂಬಿರುವವರು ನಾವು. ಆ ದಿನ ಎಷ್ಟು ಮಂದಿ ಹಾಜರಿದ್ದರೆಂದು ನಮ್ಮನ್ನು ಕೇಳಲಾರರು. ಊಟ ಬಿಟ್ಟವಳು ಯಾರೆಂದೇ ಕೇಳುವರು. ಆಗ ತಲೆತಗ್ಗಿಸದೆ ಉತ್ತರ ಹೇಳುವ ಕೃಪೆಯನ್ನು ದೇವರು ನಮಗೂ ನಮ್ಮ ಸಭೆಗಳ ಮುಖಂಡರಿಗೂ ಅನುಗ್ರಹಿಸಲಿ.