ವೃದ್ಧಾಶ್ರಮವಾಸಿಗಳಿಗೂ ಹಕ್ಕುಂಟು

ತಂದೆತಾಯಿಗಳನ್ನು ವೃದ್ಧಾಶ್ರಮಕ್ಕೆ ಸೇರಿಸುವುದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ನಡೆದಿದೆ. ಮಕ್ಕಳನ್ನು ಜರೆದು ಚಪ್ಪಾಳೆ ಗಿಟ್ಟಿಸುವುದು ಭಾಷಣಕಾರರಿಗೆ ಸುಲಭ. ಆದರೆ ಆಶ್ರಮದ ಹೊಸ್ತಿಲು ದಾಟಿದ ಮೇಲೆ ಆ ಹಿರಿಯರ ಹಕ್ಕುಗಳಾವುವು ಎಂದು ಕೇಳುವವರು ವಿರಳ.

2007ರಲ್ಲಿ ಸಂಸತ್ತು ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕಾಗಿ ಒಂದು ಕಾಯಿದೆಯನ್ನು ಮಾಡಿತು. ಅನ್ನವಿಕ್ಕದ ಮಕ್ಕಳ ಮೇಲೆ ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಮೊರೆಯಿಡಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಲ್ಲಿ, ರದ್ದುಪಡಿಸಿಕೊಳ್ಳಬಹುದು. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಮ ಕಟ್ಟುವ ಮಾತೂ ಅದರ 19ನೆಯ ಪ್ರಕರಣದಲ್ಲಿದೆ. ಆದರೆ ಅಲ್ಲಿರುವುದು ‘ಸ್ಥಾಪಿಸಬಹುದು’ ಎಂದು, ‘ಸ್ಥಾಪಿಸತಕ್ಕದ್ದು’ ಎಂದಲ್ಲ. ಮಗನ ವಿರುದ್ಧ ದೂರು ಕೊಡಲು ಮುದುಕನಿಗೆ ದಾರಿಯಾಯಿತು. ಆಶ್ರಮದ ವ್ಯವಸ್ಥಾಪಕನ ವಿರುದ್ಧ ದೂರು ಕೊಡಲು ಅದರಲ್ಲಿ ಒಂದು ಪ್ರಕರಣವೂ ಇಲ್ಲ! ಆಶ್ರಮಗಳ ನೋಂದಣಿ ಹಾಗೂ ಕನಿಷ್ಠ ಗುಣಮಟ್ಟವನ್ನು ಕಡ್ಡಾಯಗೊಳಿಸುವ ತಿದ್ದುಪಡಿ ಮಸೂದೆಯೊಂದು 2019ರಲ್ಲಿ ಲೋಕಸಭೆಗೆ ಬಂತು. ಅಂಗೀಕಾರ ಕಾಣದೆ 2024ರಲ್ಲಿ ಆ ಲೋಕಸಭೆಯೊಡನೆ ಅದೂ ಮುಗಿದುಹೋಯಿತು.

ಇದು ಅಸಾಧ್ಯವಾದ ಕೆಲಸವೇನಲ್ಲ. ಸರಕಾರದ ಹಣ ಪಡೆಯುವ ಶುಶ್ರೂಷಾಲಯಗಳಿಗಾಗಿ ಅಮೆರಿಕದಲ್ಲಿ 1987ರಲ್ಲೇ ಶಾಸನವಾಯಿತು. ಸಿಬ್ಬಂದಿಯ ಅನುಕೂಲಕ್ಕೆಂದು ವೃದ್ಧರನ್ನು ಕಟ್ಟಿಹಾಕುವಂತಿಲ್ಲ, ಮದ್ದು ಕೊಟ್ಟು ಮಂಕಾಗಿಸುವಂತಿಲ್ಲ. ನಿವಾಸಿಗಳು ತಮ್ಮದೇ ಸಭೆ ಕಟ್ಟಿಕೊಂಡು ಕುಂದುಕೊರತೆ ಹೇಳಬಹುದು.

ನಮ್ಮಲ್ಲಿ ಅಡ್ಡಿಯಾಗಿರುವುದು ಕಾಯಿದೆಯ ಕೊರತೆಯೊಂದೇ ಅಲ್ಲ. ಆಶ್ರಮವಾಸಿಯೆಂದರೆ ನಮ್ಮ ಕರುಣೆಯ ಮೇಲೆ ಬದುಕುವವನೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹುಟ್ಟುಹಬ್ಬಕ್ಕೋ ಪುಣ್ಯಸ್ಮರಣೆಗೋ ಅಲ್ಲಿ ಊಟ ಹಾಕಿಸುವುದು ಒಳ್ಳೆಯದೇ. ಆದರೆ ಹಿರಿಯರನ್ನು ಸಾಲಾಗಿ ಕೂರಿಸಿ, ದಾನಿಗಳು ಬರುವವರೆಗೆ ಎಲೆಯ ಮುಂದೆ ಕಾಯಿಸಿ, ಫೋಟೋ ತೆಗೆಸಿ, ಕೈಮುಗಿಸಿಕೊಳ್ಳುವುದು ಯಾವ ದಾಸೋಹ? ದಾಸೋಹದಲ್ಲಿ ನೀಡುವವನೇ ದಾಸನಲ್ಲವೆ?

ಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದವರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ಗಂಟೆ ಬಾರಿಸಿದಾಗ ಏಳುವ, ಗಂಟೆ ಬಾರಿಸಿದಾಗ ಉಣ್ಣುವ ಶಿಸ್ತು ಹದಿಹರೆಯದ ವಿದ್ಯಾರ್ಥಿಗೆ ಹಿತಕರ. ಐವತ್ತು ವರ್ಷ ಮನೆ ನಡೆಸಿದ ತಾಯಿಗೆ ಅದೇ ಶಿಸ್ತನ್ನು ಹೇರಿ, ಹೊರಗೆ ಹೋಗಲು ಅಪ್ಪಣೆ ಕೇಳಿಸುವುದು ಶಿಸ್ತಲ್ಲ, ಸೆರೆ. ಆಕೆ ಬಂದಿರುವುದು ಕಲಿಯಲಿಕ್ಕಲ್ಲ, ಬಾಳಲಿಕ್ಕೆ.

ಆದುದರಿಂದ ಕಾಣಿಕೆ ಕೊಡುವ ಭಕ್ತರು ಇನ್ನು ಮುಂದೆ ಕೆಲವು ಪ್ರಶ್ನೆಗಳನ್ನು ಕೇಳಲಿ. ನಿವಾಸಿಯ ಪಿಂಚಣಿಯ ಪಾಸ್‌ಬುಕ್ ಯಾರ ಕೈಯಲ್ಲಿದೆ? ಅವರ ಸಾಮಾನಿಗೆ ಬೀಗವಿರುವ ಪೆಟ್ಟಿಗೆಯುಂಟೆ? ಸೇರುವಾಗ ಕಟ್ಟಿದ ಠೇವಣಿಯ ಕರಾರು ಬರವಣಿಗೆಯಲ್ಲಿದೆಯೆ? ಕಾಯಿಲೆ ಬಿದ್ದರೆ ಇಟ್ಟುಕೊಳ್ಳುವರೋ, ಹೊರಗೆ ಕಳಿಸುವರೋ? ಆಶ್ರಮಗಳ ಆಡಳಿತ ಸಮಿತಿಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಂತೂ ಮುಂದಿನ ಸಭೆಯಲ್ಲಿಯೇ ಇಬ್ಬರು ನಿವಾಸಿಗಳನ್ನು ಸಮಿತಿಗೆ ತೆಗೆದುಕೊಳ್ಳುವ ಠರಾವು ಮಂಡಿಸಲಿ. ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.