ಮಿಕ್ಸಿಗಿಂತ ರಿಪೇರಿಯೇ ಭಾರ!

ಮನೆಯ ವಸ್ತುಗಳು ಕೆಡುವುದಕ್ಕೂ ಒಂದು ಮುಹೂರ್ತ ಇರುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಮಿಕ್ಸಿ ಕೈಕೊಡುವುದು ಯುಗಾದಿಗೆ ಹೂರಣ ರುಬ್ಬುವಾಗಲೇ. ಗೀಸರ್ ತಣ್ಣಗಾಗುವುದು ಪರೀಕ್ಷೆಯ ದಿನ ಬೆಳಿಗ್ಗೆಯೇ. ಫ್ಯಾನ್ ಮುಷ್ಕರ ಹೂಡುವುದು ಏಪ್ರಿಲ್ ತಿಂಗಳಲ್ಲೇ. ಇನ್ನು ಕಳೆದುಹೋದ ವಾರಂಟಿ ಕಾರ್ಡ್ ಸಿಗುವುದು ವಾರಂಟಿ ಮುಗಿದ ಮರುವಾರ! ಇಷ್ಟು ಎಲ್ಲರ ಮನೆಯ ಕಥೆ, ನಕ್ಕು ಸುಮ್ಮನಾಗಬಹುದು. ಆದರೆ ಈಚೆಗೆ ನನಗೆ ಸಿಟ್ಟು ಬರುತ್ತಿರುವುದು ವಸ್ತು ಕೆಟ್ಟಿತು ಎಂದಲ್ಲ, ಕೆಟ್ಟದ್ದನ್ನು ಸರಿಮಾಡಿಸಲು ಬಿಡುತ್ತಿಲ್ಲವಲ್ಲ ಎಂದು.

ನಮ್ಮ ಮಿಕ್ಸಿಯನ್ನೇ ನೋಡಿ. ಮೋಟರ್ ‘ಗುಂಯ್’ ಎನ್ನುತ್ತದೆ, ಜಾರ್ ಮಾತ್ರ ತಿರುಗುವುದಿಲ್ಲ. ಎರಡನ್ನೂ ಜೋಡಿಸುವ ಕಪ್ಲರ್ ಎಂಬ ಅಂಗೈಯಗಲದ ತುಂಡಿನ ಹಲ್ಲು ಸವೆದಿತ್ತು, ಅಷ್ಟೇ. ಮನೆಗೆ ಬಂದ ಸರ್ವಿಸ್‌ನವರು ತಿರುಗಿಸಿ ನೋಡಿ, ‘ಈ ಮಾಡೆಲ್ ನಿಲ್ಸಿಬಿಟ್ಟಿದ್ದಾರೆ ಮೇಡಂ, ಕಪ್ಲರ್ ಒಂದೇ ಬರಲ್ಲ. ಮೋಟರ್ ಸಮೇತ ಬದಲಾಯಿಸ್ಬೇಕು’ ಎಂದರು. ಲೆಕ್ಕ ಹಾಕಿದರೆ 1,900 ರೂಪಾಯಿ. ಬಂದು ನೋಡಿದ್ದಕ್ಕೆ ಬೇರೆ 350. ಹೊಸ ಮಿಕ್ಸಿಗೆ 2,600! ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ ಇರಬೇಕು. ‘ರಿಪೇರಿ ವೇಸ್ಟು, ಎಕ್ಸ್‌ಚೇಂಜ್ ಆಫರ್ ಇದೆ, ಹೊಸದೇ ತಗೊಂಬಿಡಿ’ ಎಂದು ಅವರೇ ಸಲಹೆಯನ್ನೂ ಕೊಟ್ಟರು. ಅಮ್ಮ ಸುಮ್ಮನಿರದೆ, ‘ಗುಂಡಿ ಕಿತ್ತೋದ್ರೆ ಹೊಸ ಶರ್ಟ್ ತಗೋತಾರೇನಪ್ಪಾ?’ ಎಂದು ಕೇಳಿಯೇಬಿಟ್ಟರು. ಪಾಪ, ಆ ಹುಡುಗನಾದರೂ ಏನು ಹೇಳಿಯಾನು?

ಕೊನೆಗೆ ಆ ಮಿಕ್ಸಿಗೆ ಜೀವ ಕೊಟ್ಟದ್ದು ನಮ್ಮ ಏರಿಯಾದ ಪುಟ್ಟ ಅಂಗಡಿಯ ಅಣ್ಣ. ಬೇರೆ ಮಾಡೆಲ್‌ನ ಕಪ್ಲರ್ ತೆಗೆದು, ಅರದಿಂದ ಉಜ್ಜಿ, ಕೂರಿಸಿ ಕೊಟ್ಟರು. ಸಾಮಾನು, ಕೂಲಿ ಎಲ್ಲ ಸೇರಿ 120 ರೂಪಾಯಿ. ‘ವಿಚಾರ ಇಷ್ಟೇ ಕಣಮ್ಮಾ, ಮೊದಲು ಸ್ಕ್ರೂ ಹಾಕೋರು, ಈಗ ಅಂಟು ಹಾಕ್ತಾರೆ. ಸ್ಕ್ರೂ ಆದ್ರೆ ಬಿಚ್ಚಬಹುದು, ಅಂಟನ್ನ ಒಡೀಬೇಕು’ ಎಂದರು. ಈ ಕಾಲದ ಇಡೀ ವ್ಯಾಪಾರವನ್ನು ಅವರು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ತಮಾಷೆಯೆಂದರೆ ನಾನಿರುವುದು ಬಾಗಲೂರಿನಲ್ಲಿ. ತಲೆಯೆತ್ತಿದರೆ ವಿಮಾನ, ಹತ್ತಿರದಲ್ಲೇ ಏರೋಸ್ಪೇಸ್ ಪಾರ್ಕ್. ವಿಮಾನದ ಭಾಗ ಯಾವಾಗ ಬದಲಾಯಿತು, ಯಾರು ಪರೀಕ್ಷೆ ಮಾಡಿದರು ಎಂಬುದಕ್ಕೆಲ್ಲ ದಾಖಲೆ ಇರುತ್ತದೆ. ಸವೆದ ಭಾಗವನ್ನಷ್ಟೇ ಬದಲಿಸಿ ಇಪ್ಪತ್ತು ವರ್ಷ ದಾಟಿದ ವಿಮಾನವನ್ನೂ ಹಾರಿಸುತ್ತಾರೆ. ಆಕಾಶದಲ್ಲಿ ಹಾರುವ ಯಂತ್ರಕ್ಕೆ ಇರುವ ಈ ರಿಪೇರಿ ಭಾಗ್ಯ ಅಡುಗೆಮನೆ ಕಟ್ಟೆಯ ಮೇಲೆ ಕೂತ ಯಂತ್ರಕ್ಕೆ ಯಾಕಿಲ್ಲ?

ಬೇಗ ಹಾಳಾಗುವಂತೆ ಮಾಡುವುದು ಹೊಸ ಬುದ್ಧಿಯೇನೂ ಅಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ‘ಫೀಬಸ್’ ಎಂಬ ಕೂಟ ಕಟ್ಟಿಕೊಂಡಿದ್ದವು. ಬಲ್ಬಿನ ಆಯಸ್ಸನ್ನು ಸುಮಾರು 1,000 ಗಂಟೆಗೆ ಇಳಿಸಬೇಕು ಎಂಬುದು ಅವುಗಳ ಒಪ್ಪಂದ. ಹೆಚ್ಚು ಹೊತ್ತು ಉರಿಯುವ ಬಲ್ಬ್ ಮಾಡಿದವರಿಗೆ ದಂಡ! ಒಳ್ಳೆಯ ಕೆಲಸ ಮಾಡಿದ್ದಕ್ಕೆ ದಂಡ ಕಟ್ಟಿಸಿಕೊಂಡ ಉದಾಹರಣೆ ಇನ್ನೆಲ್ಲಿ ಸಿಗುತ್ತದೆ ಹೇಳಿ.

‘ಎಸೆದು ಹೊಸದು ತಗೊಂಡರಾಯಿತು’ ಎನ್ನುವವರು ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವುದಿಲ್ಲ. ನಮ್ಮ ಕಡೆಯವರಿಗೆ ಆ ಅನುಮಾನವೇ ಇಲ್ಲ. ಬೆಂಗಳೂರಿನ ಕಸ ವರ್ಷಗಟ್ಟಲೆ ಬಂದು ಬಿದ್ದದ್ದು ನಮ್ಮ ಸುತ್ತಲಿನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೇ ಕಲ್ಲು ಕ್ವಾರಿಗಳಿಗೆ. ಕಸದ ಲಾರಿಯ ಹಿಂದೆ ಗಾಡಿ ಓಡಿಸಿಕೊಂಡು ಹೋದವರಿಗೆ ‘ಯೂಸ್ ಆ್ಯಂಡ್ ಥ್ರೋ’ ಎಂಬ ಮಾತಿನ ವಾಸನೆ ಏನೆಂದು ಗೊತ್ತು. ಮಿಕ್ಸಿ, ಮೊಬೈಲ್‌ಗಳನ್ನು ಆ ಕಸಕ್ಕೆ ಸೇರಿಸಬಾರದು, ಇ-ತ್ಯಾಜ್ಯಕ್ಕೆ 2022ರ ಪ್ರತ್ಯೇಕ ನಿಯಮಗಳೇ ಇವೆ. ಆದರೆ ಅದಕ್ಕೂ ಮುಂಚಿನ ಪ್ರಶ್ನೆ, ಒಂದು ಹಲ್ಲು ಸವೆದ ತುಂಡಿಗಾಗಿ ಇಡೀ ಯಂತ್ರ ತ್ಯಾಜ್ಯವಾಗಬೇಕೇ?

ಕಂಪನಿಗಳ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಗೊತ್ತಿಲ್ಲದವರು ಬಿಚ್ಚಿದರೆ ಅಪಾಯ ಎನ್ನುತ್ತಾರೆ. ನಿಜ, ಮೈಕ್ರೋವೇವ್ ಓವನ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಲ್ಲದು, ಮನೆಯಲ್ಲಿ ಬಿಚ್ಚಲೇಬಾರದು. ಆದರೆ ಮಿಕ್ಸಿಯ ಕಪ್ಲರ್, ಫ್ಯಾನಿನ ಕೆಪಾಸಿಟರ್, ಬೋರ್‌ವೆಲ್‌ನ ಗಡಸು ನೀರಿಗೆ ಸುಣ್ಣ ಕಟ್ಟಿದ ಗೀಸರ್ ಕಾಯಿಲ್? ಇವು ಕೆಲಸ ಬಲ್ಲವರಿಗೆ ಅರ್ಧ ಗಂಟೆಯ ಮಾತು. ಬಿಡಿಭಾಗವನ್ನೇ ಮಾರದೆ ಇರುವುದಕ್ಕೆ ಸುರಕ್ಷತೆಯ ಹೆಸರು ಬೇಡ.

ಸರ್ಕಾರ ಕಣ್ಣುಮುಚ್ಚಿ ಕೂತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ಮಾಡಿ, ಅದೇ ಡಿಸೆಂಬರ್ 24ರಂದು ಪೋರ್ಟಲ್ ಕೂಡ ತೆರೆಯಿತು. ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ, ಕೃಷಿ ಉಪಕರಣ ನಾಲ್ಕೂ ಅದರಲ್ಲಿವೆ. ಆದರೆ ಪೋರ್ಟಲ್‌ನಿಂದ ಚಟ್ನಿ ರುಬ್ಬಲಾಗುವುದಿಲ್ಲ. ಫ್ರಾನ್ಸ್‌ನಲ್ಲಿ 2021ರಲ್ಲಿ ಮೊಬೈಲ್, ಲ್ಯಾಪ್‌ಟಾಪ್, ವಾಷಿಂಗ್ ಮಷಿನ್‌ನಂಥ ವಸ್ತುಗಳಿಗೆ ರಿಪೇರಿ ಎಷ್ಟು ಸುಲಭ ಎಂದು ಹತ್ತಕ್ಕೆ ಇಷ್ಟು ಅಂಕ ಎಂದು ಅಂಗಡಿಯಲ್ಲೇ ತೋರಿಸಬೇಕೆಂಬ ನಿಯಮ ಬಂತು. ನಮಗೂ ಇದೇನು ಅಪರಿಚಿತವಲ್ಲ. ಫ್ರಿಜ್ ಮೇಲೆ ಕರೆಂಟ್ ಉಳಿತಾಯದ ಸ್ಟಾರ್‌ಗಳನ್ನು 2006ರಿಂದ ಎಣಿಸುತ್ತಿದ್ದೇವೆ. ಅದರ ಪಕ್ಕದಲ್ಲೇ ರಿಪೇರಿಯ ಸ್ಟಾರ್ ಅಂಟಿಸಿ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಬೆಲೆ ಎಷ್ಟು ಎಂದು ಬರೆಯಲಿ. ಅದು ಕಡ್ಡಾಯವಾಗಲಿ.

ಇದರಲ್ಲಿ ನಮ್ಮ ದುಡ್ಡಿನ ಜೊತೆಗೆ ಆ ಅಂಗಡಿ ಅಣ್ಣನಂಥವರ ಅನ್ನವೂ ಇದೆ. ಅವರ ಮಗ ಈ ಕೆಲಸ ಕಲಿಯುತ್ತಿಲ್ಲ, ‘ಸಾಮಾನೇ ಸಿಗದಿದ್ಮೇಲೆ ಕಲ್ತು ಏನ್ ಮಾಡ್ತಾನೆ’ ಎನ್ನುತ್ತಾರೆ. ಒಂದು ವಿದ್ಯೆ ಹೀಗೆ ಸದ್ದಿಲ್ಲದೆ ಮುಚ್ಚಿಹೋದರೆ, ಆಮೇಲೆ ಸ್ಕ್ರೂ ಮತ್ತೆ ಬಂದರೂ ಬಿಚ್ಚುವ ಕೈ ಇರುವುದಿಲ್ಲ.

ಆದ್ದರಿಂದ ಮುಂದಿನ ಸಲ ಅಂಗಡಿಗೆ ಹೋದಾಗ ‘ಎಷ್ಟು ಸ್ಟಾರ್?’ ಎನ್ನುವುದರ ಜೊತೆಗೆ ‘ಸ್ಪೇರ್ ಎಷ್ಟು ವರ್ಷ ಸಿಗುತ್ತೆ?’ ಎಂದೂ ಕೇಳಿ. ಅನ್ಯಾಯವಾದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಒಬ್ಬರು ಕೇಳಿದರೆ ಸೇಲ್ಸ್‌ಮನ್ ತಬ್ಬಿಬ್ಬಾಗುತ್ತಾನೆ. ಹತ್ತು ಜನ ಕೇಳಿದರೆ ಉತ್ತರ ಹುಡುಕುತ್ತಾನೆ. ನೂರು ಜನ ಕೇಳಿದರೆ ಉತ್ತರ ಡಬ್ಬದ ಮೇಲೇ ಅಚ್ಚಾಗಿ ಬರುತ್ತದೆ.