ಇಳಿಜಾರಿನಲ್ಲಿ ಬ್ಯಾಟರಿ ತುಂಬಿದಾಗ

ಕಳೆದ ಈದ್ ರಜೆಯಲ್ಲಿ ಹಾಸನದಿಂದ ಮಂಗಳೂರಿಗೆ ಹೊರಟಿದ್ದೆವು. ಭಾವನ ಹೊಸ ಹೈಬ್ರಿಡ್ ಕಾರು, ಹಿಂದೆ ತಾಯಿ, ಅಕ್ಕ, ಮಕ್ಕಳು, ಡಿಕ್ಕಿ ತುಂಬ ಸಾಮಾನು. ಆಲೂರು ದಾಟುವವರೆಗೂ ಭಾವನದು ಒಂದೇ ಮಾತು, ಮೈಲೇಜು. ಅದು ಸುಳ್ಳೇನಲ್ಲ. ಆಲೂರಿನ ಕಡೆ ರಸ್ತೆ ಸಣ್ಣಗೆ ಏರಿ ಸಣ್ಣಗೆ ಇಳಿಯುತ್ತದೆ. ಇಳಿಯುವಾಗ ಗಳಿಸಿದ ವಿದ್ಯುತ್ತನ್ನು ಮುಂದಿನ ಏರಿನಲ್ಲಿ ಖರ್ಚು ಮಾಡುವ ಹೈಬ್ರಿಡ್ ಕಾರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕೇ?

ಸಕಲೇಶಪುರ, ದೋಣಿಗಾಲ್ ಕಳೆದು ಶಿರಾಡಿ ಘಾಟಿ ಇಳಿಯತೊಡಗಿದೆವು. ಮಾರನಹಳ್ಳಿಯಿಂದ ಸ್ವಲ್ಪ ಕೆಳಗೆ, ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲದಿದ್ದರೂ ಇಂಜಿನ್ ಇದ್ದಕ್ಕಿದ್ದಂತೆ ಗರ್ರನೆ ಕೂಗತೊಡಗಿತು. ತಾಯಿ "ನಿಲ್ಲಿಸು, ನಿಲ್ಲಿಸು" ಎಂದರು. ಭಾವ ಗಾಬರಿಯಿಂದ ನ್ಯೂಟ್ರಲ್‌ಗೆ ಹಾಕಹೊರಟರು. ಪುಣ್ಯಕ್ಕೆ ಅಷ್ಟರಲ್ಲಿ ಅಗಲವಾದ ಜಾಗ ಸಿಕ್ಕಿತು, ನಿಲ್ಲಿಸಿದೆವು.

ಕಾರಿಗೆ ಏನೂ ಆಗಿರಲಿಲ್ಲ. ಅದು ತನ್ನ ಕೆಲಸ ಮಾಡುತ್ತಿತ್ತು. ಕೊಳ್ಳುವಾಗ ಇದನ್ನು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಓದುಗರೇ, ಹೈಬ್ರಿಡ್ ಕಾರಿಗೆ ಎರಡು ಬಗೆಯ ಬ್ರೇಕು. ಪೆಡಲ್ ಮೆಲ್ಲಗೆ ಒತ್ತಿದಾಗ ಮೋಟಾರ್ ಡೈನಮೋ ಆಗಿ ತಿರುಗಿ, ಗಾಲಿಯ ವೇಗವನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ಜೋರಾಗಿ ಒತ್ತಿದಾಗ ಮಾಮೂಲಿ ಬ್ರೇಕ್ ಪ್ಯಾಡ್‌ಗಳೂ ಹಿಡಿಯುತ್ತವೆ. ಯಾವುದು ಎಷ್ಟು ಹಿಡಿಯಬೇಕೆಂದು ನಿರ್ಧರಿಸುವುದು ಕಂಪ್ಯೂಟರ್. ಆದರೆ ಬ್ಯಾಟರಿ ತುಂಬಿಬಿಟ್ಟರೆ?

ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲೇ ನೋಡೋಣ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಕಾರು 700 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 3.8 ಯೂನಿಟ್. ಶಿರಾಡಿಯ ಇಳಿಜಾರು ಹೆಚ್ಚುಕಡಿಮೆ ಅಷ್ಟೇ. ಟಯರು, ಗಾಳಿ ಸೇರಿ ಅರ್ಧದಷ್ಟನ್ನು ನುಂಗಿದರೂ ಉಳಿದದ್ದು ಕಡಿಮೆಯಲ್ಲ. ಪ್ಲಗ್ ಹಾಕಿ ಚಾರ್ಜ್ ಮಾಡದ ಹೈಬ್ರಿಡ್‌ಗಳ ಬ್ಯಾಟರಿ ಹಿಡಿಯುವುದೇ ಸಾಮಾನ್ಯವಾಗಿ ಒಂದು, ಒಂದೂವರೆ ಯೂನಿಟ್. ಅದರಲ್ಲೂ ಒಂದು ಭಾಗವನ್ನಷ್ಟೇ ಬಳಸುತ್ತಾರೆ. ಹಾಗಾಗಿ ಘಾಟಿ ಮುಗಿಯುವ ಮೊದಲೇ ಅದು ತುಂಬುತ್ತದೆ. ಆಗ ಅನೇಕ ಕಾರುಗಳು ಹೆಚ್ಚಿನ ವಿದ್ಯುತ್ತಿನಿಂದ ಇಂಜಿನ್ನನ್ನು ಪೆಟ್ರೋಲ್ ಇಲ್ಲದೆಯೇ ಸುಮ್ಮನೆ ತಿರುಗಿಸುತ್ತವೆ. ನಾವು ಕೇಳಿದ ಕೂಗು ಅದೇ. ಇಷ್ಟು ಹೊತ್ತು ಮೋಟಾರ್ ಹೊರುತ್ತಿದ್ದ ಬ್ರೇಕಿನ ಭಾರದಲ್ಲಿ ಹೆಚ್ಚಿನ ಪಾಲು ಆಮೇಲೆ ಪ್ಯಾಡ್‌ಗಳ ಮೇಲೆ ಬೀಳುತ್ತದೆ. ಅವು ಕಾಯುತ್ತವೆ. ವಿಪರೀತ ಕಾದು ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಮುಂದೆ ಲಾರಿ, ಪಕ್ಕದಲ್ಲಿ ಪ್ರಪಾತ ಇರುವಾಗ ಅದು ಸಣ್ಣ ಮಾತಲ್ಲ.

ಹೈಬ್ರಿಡ್ ಬ್ರೇಕಿನ ಬಗ್ಗೆ ಜಗತ್ತು ಒಮ್ಮೆ ಬೆಚ್ಚಿದ್ದೂ ಉಂಟು. 2010ರ ಫೆಬ್ರವರಿಯಲ್ಲಿ ಟೊಯೋಟಾ ಕಂಪನಿ ಪ್ರಿಯಸ್ ಸೇರಿದಂತೆ ನಾಲ್ಕು ಲಕ್ಷಕ್ಕೂ ಹೆಚ್ಚು ಹೈಬ್ರಿಡ್ ಕಾರುಗಳನ್ನು ವಾಪಸ್ ಕರೆಸಿತು. ಉಬ್ಬುತಗ್ಗಿನ ಅಥವಾ ಜಾರುವ ರಸ್ತೆಯಲ್ಲಿ ಎಬಿಎಸ್ ಕೆಲಸ ಶುರುಮಾಡುವಾಗ ಬ್ರೇಕು ಒಂದು ಕ್ಷಣ ಸಡಿಲಾದಂತೆ ಚಾಲಕರಿಗೆ ಅನಿಸುತ್ತಿತ್ತು. ಸಾಫ್ಟ್‌ವೇರ್ ಬದಲಿಸಿ ಸರಿಪಡಿಸಿದರು. ಆ ಹಳೆಯ ಸುದ್ದಿ ಹಿಡಿದುಕೊಂಡು ಇಂದಿಗೂ ಹೈಬ್ರಿಡ್ ಬೇಡವೆನ್ನುವವರಿದ್ದಾರೆ. ನನಗದು ಅತಿಯೆನಿಸುತ್ತದೆ. ಕ್ಯಾಮ್ರಿ ಹೈಬ್ರಿಡ್ 2013ರಿಂದಲೇ ನಮ್ಮ ಬಿಡದಿಯಲ್ಲಿ ತಯಾರಾಗತೊಡಗಿತು. ದುಬೈಯಲ್ಲಿರುವ ನಮ್ಮವರು ದಿನವೂ ಹೈಬ್ರಿಡ್ ಟ್ಯಾಕ್ಸಿ ಹತ್ತುತ್ತಾರೆ. (ಅಲ್ಲಿ ಶಿರಾಡಿ ಇಲ್ಲ ಎನ್ನುವುದು ಬೇರೆ ಮಾತು.) ಪೆಟ್ರೋಲ್ ಕಾರಿನ ಬ್ರೇಕೂ ಈ ಘಾಟಿಯಲ್ಲಿ ಕಾಯುತ್ತದೆ. ಆದರೆ ಅಲ್ಲಿ ಗೇರ್ ಇಳಿಸಬೇಕೆಂಬ ಅಭ್ಯಾಸ ನಮಗಿದೆ, ಇಲ್ಲಿ ಆ ಅಭ್ಯಾಸವೇ ಮರೆತುಹೋಗುತ್ತದೆ.

ಹೈಬ್ರಿಡ್ ಇದ್ದವರು ಗೇರ್ ಲಿವರನ್ನು ಒಮ್ಮೆ ನೋಡಿ. ಹಲವು ಮಾದರಿಗಳಲ್ಲಿ 'ಬಿ' ಎಂಬ ಅಕ್ಷರವಿರುತ್ತದೆ. ಉದ್ದ ಇಳಿಜಾರಿನಲ್ಲಿ ಇಂಜಿನ್‌ನಿಂದ ವೇಗ ತಗ್ಗಿಸಲೆಂದೇ ಅದನ್ನಿಟ್ಟಿರುವುದು. ಘಾಟಿ ಶುರುವಾಗುವಾಗಲೇ ಹಾಕಿಕೊಳ್ಳಬೇಕು, ಬ್ರೇಕ್ ಕಾದ ಮೇಲಲ್ಲ. ನಿಮ್ಮ ಕಾರಿನಲ್ಲಿ ಅದಿಲ್ಲದಿದ್ದರೆ ಏನು ಮಾಡಬೇಕೆಂದು ಜೊತೆಗೆ ಕೊಟ್ಟ ಪುಸ್ತಕ ಹೇಳುತ್ತದೆ. ನ್ಯೂಟ್ರಲ್ ಮಾತ್ರ ಬೇಡವೇ ಬೇಡ. ಅದರಲ್ಲಿ ಮೋಟಾರಿನ ಬ್ರೇಕೂ ಇಲ್ಲ, ಬ್ಯಾಟರಿಯೂ ತುಂಬುವುದಿಲ್ಲ. ಪೆಟ್ರೋಲ್ ಉಳಿಯುತ್ತದೆಂದು ಹಾಗೆ ಇಳಿಯುವವರನ್ನು ಕಂಡಿದ್ದೇನೆ.

ಇನ್ನೊಂದು ವಿಷಯ, ಪ್ಯಾಡ್ ಸವೆಯುವುದಿಲ್ಲವೆಂದು ಬ್ರೇಕ್ ತಪಾಸಣೆ ಮುಂದೂಡಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಮಲೆನಾಡಿನ ಮಳೆಗಾಲ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ.

ಅಂದು ಅರ್ಧ ಗಂಟೆ ಅಲ್ಲೇ ಕೂತೆವು. ತಾಯಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ಭಾವ ಡ್ಯಾಶ್‌ಬೋರ್ಡಿನ ಡಬ್ಬಿಯಿಂದ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರದ ಆ ಪುಸ್ತಕ ತೆಗೆದು ಓದಲು ಕೂತರು.